ಮಗು ಮಲಗಿದ ಮೇಲೆ ಜಗಳ ಆಡಿದರೂ ತೊಂದರೆಯಾ?

ಪ್ರಶ್ನೆ: ನಾವಿಬ್ಬರೂ ಮಗಳ ಎದುರು ಜಗಳ ಆಡುವುದಿಲ್ಲ. ಏನಿದ್ದರೂ ಅವಳು ಮಲಗಿದ ಮೇಲೆ, ರೂಮಿನ ಬಾಗಿಲು ಹಾಕಿಕೊಂಡೇ. ಅವಳಿಗೆ ಏಳು ವರ್ಷ. ಸ್ಕೂಲಿಗೆ ಹೊರಡುವಾಗ ದಿನಾ ಹೊಟ್ಟೆನೋವು ಅನ್ನುತ್ತಾಳೆ. ಡಾಕ್ಟರು ಏನೂ ಇಲ್ಲ ಅಂದರು. ನಮ್ಮ ಜಗಳವೇ ಕಾರಣ ಇರಬಹುದಾ?

ಉತ್ತರ: ಇರಬಹುದು. ಸ್ಕೂಲಿನಲ್ಲಿ ಏನಾದರೂ ಆಗಿದೆಯಾ ಅಂತಲೂ ವಿಚಾರಿಸಿ. ಆದರೆ ಅವಳಿಗೆ ಏನೂ ಗೊತ್ತಿಲ್ಲ ಅನ್ನುವ ನಂಬಿಕೆ ಮಾತ್ರ ಬಿಟ್ಟುಬಿಡಿ.

ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು 6ರಿಂದ 12 ತಿಂಗಳ ಕೂಸುಗಳು ನಿದ್ದೆಯಲ್ಲಿರುವಾಗ ಬೇರೆ ಬೇರೆ ಧಾಟಿಯ ಮಾತು ಕೇಳಿಸಿ, ಮೆದುಳಿನ ಸ್ಕ್ಯಾನ್ ಮಾಡಿದ್ದರು. ತುಂಬ ಸಿಟ್ಟಿನ ಧ್ವನಿಗೆ, ಜಗಳ ಜಾಸ್ತಿ ಇರುವ ಮನೆಯ ಕೂಸುಗಳ ಮೆದುಳು ಹೆಚ್ಚು ಸ್ಪಂದಿಸಿತು. ಇದು ಪ್ರಕಟವಾಗಿದ್ದು 2013ರಲ್ಲಿ. ನಿಮ್ಮ ಮಗಳಿಗಂತೂ ಏಳು ವರ್ಷ.

ಅವಳಿಗೆ ಮಾತು ಕೇಳಿಸಲೇಬೇಕು ಅಂತೇನೂ ಇಲ್ಲ. ಬೆಳಿಗ್ಗೆ ಕಾಫಿ ಲೋಟ ಕುಕ್ಕಿದ ಸದ್ದು ಸಾಕು. 'ಪುಟ್ಟಿ, ನಿಮ್ಮಪ್ಪನಿಗೆ ತಿಂಡಿ ತಿನ್ನೋಕೆ ಹೇಳು' ಅನ್ನುತ್ತೀರಿ; ಅಪ್ಪ ಅಲ್ಲೇ ಎರಡಡಿ ದೂರದಲ್ಲಿ ಕೂತಿರುತ್ತಾರೆ. ಚಿಕ್ಕಂದಿನಲ್ಲಿ ಈ ಪೋಸ್ಟ್‌ಮನ್ ಕೆಲಸ ನಾನೂ ಮಾಡಿದ್ದೇನೆ. ಕೂಗಾಟಕ್ಕಿಂತ ಆ ಮೌನಕ್ಕೇ ನನಗೆ ಜಾಸ್ತಿ ಭಯ ಆಗುತ್ತಿತ್ತು. ನಾನು ಸ್ಕೂಲಿಗೆ ಹೋದರೆ ಇಲ್ಲಿ ಏನಾಗಿಬಿಡುತ್ತೋ ಅಂತ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತೇವೆ. ಸರಿಯೇ. ಆದರೆ ಮಗು ಅಷ್ಟರಲ್ಲಿ ಮಲಗಿರುತ್ತದೆ! ಅದರ ಪಾಲಿಗೆ ಜಗಳ ಮುಗಿದೇ ಇಲ್ಲ. ಈ ವಿಷಯವನ್ನು ಬಹಳ ವರ್ಷ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಮಾರ್ಕ್ ಕಮಿಂಗ್ಸ್ ಕಂಡುಕೊಂಡಿದ್ದೂ ಹೆಚ್ಚುಕಮ್ಮಿ ಇದನ್ನೇ: ರಾಜಿಯಾಗಿದ್ದು ಗೊತ್ತಾದರೆ ಮಕ್ಕಳ ಕಳವಳ ತುಂಬ ಇಳಿಯುತ್ತದೆ. ಕಣ್ಣಾರೆ ನೋಡಬೇಕಿಲ್ಲ, ಆಮೇಲೆ ಹೇಳಿದರೂ ಆಗುತ್ತದೆ.

ಹಾಗಾಗಿ ಹೇಳಿ. 'ನಿನ್ನೆ ರಾತ್ರಿ ನಾನೂ ಅಪ್ಪನೂ ಜೋರಾಗಿ ಮಾತಾಡಿದ್ವಿ. ದುಡ್ಡಿನ ವಿಷಯ. ನಿನ್ನಿಂದ ಅಲ್ಲ. ಈಗ ಸರಿ ಮಾಡ್ಕೊಂಡ್ವಿ.' ಇಷ್ಟು ಸಾಕು. 'ನಿನ್ನಿಂದ ಅಲ್ಲ' ಅನ್ನುವುದನ್ನು ಮಾತ್ರ ಮರೆಯಬೇಡಿ. ಈ ವಯಸ್ಸಿನ ಮಕ್ಕಳು ತಪ್ಪನ್ನು ಸುಮ್ನೆ ತಮ್ಮ ತಲೆಗೇ ಕಟ್ಟಿಕೊಳ್ಳುತ್ತಾರೆ. ಇನ್ನೂ ಸರಿಹೋಗಿಲ್ಲವಾದರೆ 'ಏನೂ ಆಗಿಲ್ಲ' ಅಂತ ಸುಳ್ಳು ಹೇಳಬೇಡಿ. 'ಇನ್ನೂ ಮಾತಾಡ್ತಾ ಇದ್ದೀವಿ' ಅಂದರೆ ಆಯಿತು.

ಹೊಡೆತ, ಬೆದರಿಕೆ ಇರುವ ಮನೆಗೆ ಈ ಮಾತು ಯಾವುದೂ ಹೊಂದುವುದಿಲ್ಲ. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ: ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098.

ಇಷ್ಟಾದರೂ ಹೊಟ್ಟೆನೋವು ಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.