ಗದಗಿನ ನೆಲ ಮಡಗಾಸ್ಕರ್‌ಗೆ ಅಂಟಿಕೊಂಡಿತ್ತಾ?

ಪ್ರಶ್ನೆ: ನಮ್ಮ ದೇಶ ಒಂದು ಕಾಲಕ್ಕೆ ಆಫ್ರಿಕಾ ಜೊತೆ ಕೂಡಿಕೊಂಡಿತ್ತು ಅಂತ ಮಗಳ ಪಾಠದಲ್ಲಿದೆ. ಹಾಗಾದರೆ ನಮ್ಮ ಗದಗ ಆಗ ಎಲ್ಲಿತ್ತು? ನೆಲ ಈಗಲೂ ಸರಿಯುತ್ತಿದೆಯಾ?

ಉತ್ತರ: ಪಾಠದಲ್ಲಿರುವುದು ನಿಜ. ಭಾರತ, ಆಫ್ರಿಕಾ, ಮಡಗಾಸ್ಕರ್, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕ ಎಲ್ಲ ಸೇರಿ ಒಂದೇ ನೆಲವಾಗಿತ್ತು. ಅದರ ಹೆಸರು ಗೊಂಡ್ವಾನ. ಗದಗ ಆಗ ಭೂಮಧ್ಯರೇಖೆಯಿಂದ ಬಹಳ ದಕ್ಷಿಣಕ್ಕಿತ್ತು. ನಮ್ಮ ಪಶ್ಚಿಮದ ಮಗ್ಗುಲಿಗೆ ಈಗಿನ ಸಮುದ್ರ ಇರಲಿಲ್ಲ, ಮಡಗಾಸ್ಕರ್ ಇತ್ತು.

ಆದರೆ ಮಗಳಿಗೆ ಇನ್ನೊಂದು ಮಾತೂ ಹೇಳಿ. ಗೊಂಡ್ವಾನ ಕೂಡಿಕೊಂಡದ್ದು ಸುಮಾರು 50 ಕೋಟಿ ವರ್ಷಗಳ ಹಿಂದೆ. ನಿಮ್ಮೂರ ಹತ್ತಿರದ ಕಪ್ಪತಗುಡ್ಡದ ಕಲ್ಲಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು! ಅಲ್ಲಿ ಕಬ್ಬಿಣದ ಅಂಶವಿರುವ ಕಲ್ಲುಗಳಲ್ಲಿ ಕೆಂಪು, ಕಪ್ಪು ಗೆರೆಗಳು ಒಂದರ ಮೇಲೊಂದು ಕೂತಿರುತ್ತವೆ. ಹಳೆಯ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಕೆಸರು ಅದು. ಖಂಡಗಳು ಕೂಡಿದ್ದು, ಒಡೆದದ್ದು ಎಲ್ಲಾ ಈ ಕಲ್ಲು ಹುಟ್ಟಿದ ಎಷ್ಟೋ ಕಾಲದ ಮೇಲೆ. ನನಗಂತೂ ಗೊಂಡ್ವಾನಕ್ಕಿಂತ ಇದೇ ದೊಡ್ಡ ಬೆರಗು.

ಕೂಡಿಕೊಂಡಿತ್ತು ಅಂತ ಹೇಗೆ ಗೊತ್ತು? ಗ್ಲಾಸಾಪ್ಟೆರಿಸ್ ಅನ್ನೋ ಹಳೆಯ ಗಿಡದ ಎಲೆಯಚ್ಚು ನಮ್ಮ ಕಲ್ಲಿದ್ದಲಿನ ಗಣಿಗಳಲ್ಲೂ ಸಿಗುತ್ತದೆ, ಹಿಮ ಮುಚ್ಚಿದ ಅಂಟಾರ್ಕ್ಟಿಕಾದಲ್ಲೂ ಸಿಗುತ್ತದೆ. ಅದರ ಬೀಜ ಅಷ್ಟು ದೊಡ್ಡ ಸಮುದ್ರ ದಾಟುವಂಥದ್ದಲ್ಲ. ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲಿ ಇಂಥ ಪುರಾವೆಗಳನ್ನೆಲ್ಲ ಜೋಡಿಸಿ, ಖಂಡಗಳು ಸರಿದಿವೆ ಎಂದರು. ಸರಿಸಿದ ಶಕ್ತಿ ಯಾವುದು ಅಂತ ಅವರಿಗೆ ತೋರಿಸಲಾಗಲಿಲ್ಲ. ಹೆಚ್ಚಿನವರು ನಂಬಲಿಲ್ಲ. 1930ರಲ್ಲಿ ಅವರು ಗ್ರೀನ್‌ಲ್ಯಾಂಡಿನ ಹಿಮದಲ್ಲೇ ತೀರಿಕೊಂಡರು. 1960ರ ದಶಕದಲ್ಲಿ ಸಮುದ್ರದ ತಳ ಬಿರಿದು, ಅಲ್ಲಿ ಹೊಸ ನೆಲ ಹುಟ್ಟುವುದು ಖಚಿತವಾದ ಮೇಲೆ ಜಗತ್ತು ಒಪ್ಪಿತು. ಬದುಕಿದ್ದಾಗಲೇ ಅವರಿಗೆ ಆ ಮನ್ನಣೆ ಸಿಗಬೇಕಿತ್ತು.

ಮಡಗಾಸ್ಕರ್ ನಮ್ಮಿಂದ ಬೇರೆಯಾದದ್ದು ಸುಮಾರು 9 ಕೋಟಿ ವರ್ಷಗಳ ಹಿಂದೆ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ನಿಲ್ಲಿಸಿದಂತಿರುವ ಕಲ್ಲುಗಳಿವೆಯಲ್ಲ, ಅವು ಆಗ ಉಕ್ಕಿದ ಲಾವಾ ಆರಿ ಆದವು. ಆಮೇಲೆ ಭಾರತ ಉತ್ತರಕ್ಕೆ ಓಡಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಗುದ್ದಿತು, ಹಿಮಾಲಯ ಎದ್ದಿತು.

ಸರಿಯುವುದು ಇನ್ನೂ ನಿಂತಿಲ್ಲ. ವರ್ಷಕ್ಕೆ ಹೆಚ್ಚುಕಡಿಮೆ 5 ಸೆಂಟಿಮೀಟರ್, ಈಶಾನ್ಯದ ಕಡೆ. ಇವತ್ತು ಹುಟ್ಟಿದ ಮಗುವಿಗೆ ಅರವತ್ತು ತುಂಬುವಷ್ಟರಲ್ಲಿ ಗದಗ 3 ಮೀಟರ್ ಸರಿದಿರುತ್ತದೆ. ಹುಬ್ಬಳ್ಳಿ, ಧಾರವಾಡ, ಹಾವೇರಿ ಎಲ್ಲವೂ ಅಷ್ಟೇ ಸರಿದಿರುತ್ತವೆ. ಅದಕ್ಕೇ ಊರಿಂದ ಊರಿಗೆ ಇರುವ ದೂರ ಬದಲಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಅಳೆಯೋದು ಜಿಪಿಎಸ್ ಉಪಗ್ರಹಗಳ ನೆರವಿನಿಂದ.