ನಾರು: ಹಿಡಿಸೂಡಿಯಲ್ಲ

‘ನಾರಿನಂಶವು ರಕ್ತದಲ್ಲಿರುವ ಭಾರಲೋಹಗಳನ್ನು ಗುಡಿಸಿ ಹೊರಹಾಕುತ್ತದೆ’ ಎಂಬ ವಾಕ್ಯವನ್ನು ಈ ತಿಂಗಳಲ್ಲಿ ನಾಲ್ಕನೆಯ ಬಾರಿ ಓದಿದ್ದು ಉಡುಪಿಯ ಒಂದು ಅಂಗಡಿಯಲ್ಲಿ, ಬಾಳೆದಿಂಡಿನ ರಸದ ಬೆಲೆಪಟ್ಟಿಯ ಕೆಳಗೆ. ರಸವನ್ನು ಸೋಸಿಯೇ ಕೊಡುತ್ತಿದ್ದರು. ಸೋಸಿ ಉಳಿದ ಹಿಪ್ಪೆ ಒಂದು ಬಕೆಟ್ಟಿನಲ್ಲಿ ದನದ ಪಾಲಿಗೆ ಕಾದಿತ್ತು. ಬರೆದವರಿಗೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳ ವಿಷಯ ಗೊತ್ತಿಲ್ಲದಿದ್ದರೆ ಅಡ್ಡಿಯಿಲ್ಲ, ಆದರೆ ನಾರು ಎಂಬ ಪದದ ಅರ್ಥವಾದರೂ ಗೊತ್ತಿರಬೇಕಿತ್ತು.

ಇಂದಿನ ಬರಹದ ‘ನಾರು’ವಿನಲ್ಲಿ ಎರಡು ಬೇರೆ ಪದಗಳು ಕೂಡಿಕೊಂಡಿವೆ. ಹಳಗನ್ನಡದಲ್ಲಿ ವಾಸನೆ ಬೀರುವುದನ್ನು ಶಕಟರೇಫವೆಂಬ ಹಳೆಯ ಱ ಅಕ್ಷರದಿಂದ ‘ನಾಱು’ ಎಂದೂ, ಗಿಡದ ಎಳೆಯನ್ನು ಸಾಮಾನ್ಯ ರೇಫದಿಂದ ‘ನಾರ್’ ಎಂದೂ ಬರೆಯುತ್ತಿದ್ದರು. ‘ನಾತ’ ಮೊದಲನೆಯದರ ಸಂತಾನ, ‘ನಾರುಬೇರು’ ಎರಡನೆಯದರದು. ಱಕಾರ ಬಳಕೆಯಿಂದ ಜಾರಿದ ಮೇಲೆ ಕನ್ನಡದಲ್ಲಿ ಎರಡೂ ಒಂದೇ ಅಕ್ಷರಕ್ಕೆ ಇಳಿದವು, ತಮಿಳು ಮತ್ತು ಮಲಯಾಳಗಳಲ್ಲಿ ಮಾತ್ರ ಈ ಭೇದ ಇನ್ನೂ ಬರಹದಲ್ಲಿ ಉಳಿದಿದೆ. 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟೆಲರ ನಿಘಂಟನ್ನು ತೆರೆದು ನೋಡುವ ಅಭ್ಯಾಸವುಳ್ಳವರಿಗೆ ಱಕಾರ ಅಪರಿಚಿತವಲ್ಲ.

ಆಹಾರಶಾಸ್ತ್ರ ಎರವಲು ಪಡೆದದ್ದು ಎಳೆಯ ಅರ್ಥದ ನಾರನ್ನು, ಗೊಂದಲ ಹುಟ್ಟಿದ್ದೂ ಅಲ್ಲಿಯೇ. ಆಸ್ಟ್ರೇಲಿಯಾದ ಹಿಪ್ಸ್‌ಲಿ ಎಂಬ ವೈದ್ಯರು 1953ರಲ್ಲಿ ‘ಡಯಟರಿ ಫೈಬರ್’ ಎಂಬ ಮಾತನ್ನು ಬಳಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಸಸ್ಯಕೋಶದ ಗೋಡೆ, ದಾರವಲ್ಲ. ನಮ್ಮ ಸಣ್ಣ ಕರುಳಿನ ಕಿಣ್ವಗಳು ಜೀರ್ಣಿಸಲಾರದ ಸಸ್ಯಮೂಲದ ಕಾರ್ಬೋಹೈಡ್ರೇಟ್ ಸರಪಣಿಗಳೂ ಅವುಗಳಿಗೆ ಅಂಟಿದ, ಗಿಡಕ್ಕೆ ಗಡಸುತನ ಕೊಡುವ ಲಿಗ್ನಿನ್ನೂ ಸೇರಿದರೆ ಅದು ಆಹಾರದ ನಾರು. ಬಸಳೆಯ ಲೋಳೆ ನಾರು, ಬೆಂಡೆಯ ಅಂಟು ನಾರು, ಪೇರಳೆಯ ಜೆಲ್ಲಿಯನ್ನು ಗಟ್ಟಿಗೊಳಿಸುವ ಪೆಕ್ಟಿನ್ ಕೂಡ ನಾರೇ. ಇವುಗಳಲ್ಲಿ ಒಂದರಿಂದಲೂ ಮಲ್ಲಿಗೆ ಕಟ್ಟಲಾಗದು. ಅಮ್ಮ ಬಾಳೆದಿಂಡು ಹೆಚ್ಚುವಾಗ ಪ್ರತಿ ಬಿಲ್ಲೆಯಿಂದ ಏಳುವ ಎಳೆಯನ್ನು ತೋರುಬೆರಳಿಗೆ ಸುತ್ತುತ್ತಾ ಹೋಗುತ್ತಾರೆ, ಕೊನೆಗೆ ಆ ಬಿಳಿ ಉಂಗುರವನ್ನು ಕಳಚಿ ಎಸೆದು ಬಿಲ್ಲೆಗಳನ್ನು ಮಜ್ಜಿಗೆ ನೀರಿಗೆ ಹಾಕುತ್ತಾರೆ. ಕಣ್ಣಿಗೆ ಕಾಣುವ ನಾರು ಎಸೆದದ್ದರಲ್ಲಿ ಹೋಯಿತು. ಆಹಾರಶಾಸ್ತ್ರದ ನಾರು ಬಹುಪಾಲು ಬಿಲ್ಲೆಯಲ್ಲೇ ಉಳಿಯಿತು. ಎಳೆಯನ್ನೇ ನಾರೆಂದು ತಿಳಿದವರಿಗೆ ಅದು ಹೊಟ್ಟೆಯೊಳಗೆ ಹಿಡಿಸೂಡಿಯ ಕಡ್ಡಿಯಂತೆ ಕಸ ಗುಡಿಸುವ ಚಿತ್ರ ಸಹಜವಾಗಿಯೇ ಬರುತ್ತದೆ. ದಿಂಡು ತಿಂದರೆ ಹೊಟ್ಟೆಗೆ ಹೋದ ಕೂದಲು ಹೊರಬರುತ್ತದೆಂಬ ನಮ್ಮೂರ ನಂಬಿಕೆಯೂ ಇದೇ ಚಿತ್ರದ ಕೂಸು.

ಲೋಹದ ವಿಷಯದಲ್ಲಿ ನಡೆಯುವುದು ಗುಡಿಸುವಿಕೆಯಲ್ಲ, ವಿದ್ಯುದಂಶದ ಸೆಳೆತ. ಪೆಕ್ಟಿನ್‌ನಲ್ಲಿರುವ ಕಾರ್ಬಾಕ್ಸಿಲ್ ಗುಂಪುಗಳು ಋಣಾತ್ಮಕವಾಗಿರುವುದರಿಂದ ಧನಾತ್ಮಕ ಲೋಹದ ಅಯಾನುಗಳನ್ನು ಹಿಡಿದುಕೊಳ್ಳುತ್ತವೆ, ಸೀಸವನ್ನು ಕ್ಯಾಲ್ಸಿಯಂಗಿಂತ ಬಿಗಿಯಾಗಿಯೇ ಹಿಡಿಯುತ್ತವೆ. ಸೋವಿಯತ್ ಒಕ್ಕೂಟದಲ್ಲಿ ಸೀಸದ ನಡುವೆ ದುಡಿಯುವವರಿಗೆ ಪೆಕ್ಟಿನ್ ಕೊಡುವ ರೂಢಿ ಬೆಳೆದದ್ದು ಈ ಕಾರಣಕ್ಕೆ. ಕಡಲಪಾಚಿಯ ಆಲ್ಜಿನೇಟ್ ಎಂಬ ನಾರು ಸ್ಟ್ರಾನ್ಷಿಯಂ ಲೋಹದ ಹೀರಿಕೆಯನ್ನು ತಗ್ಗಿಸುತ್ತದೆಂದು 1960ರ ದಶಕದ ಪ್ರಯೋಗಗಳು ತೋರಿಸಿದವು. ಸಸ್ಯಕೋಶದ ಗೋಡೆಯ ಮುಖ್ಯ ವಸ್ತುವಾದ ಸೆಲ್ಯುಲೋಸಿನಲ್ಲಿ ಇಂತಹ ಗುಂಪುಗಳು ತೀರ ಕಡಿಮೆ, ಆದ್ದರಿಂದ ಹಿಡಿತವೂ ಕಡಿಮೆ. ಇದೆಲ್ಲ ನಡೆಯುವುದು ಕರುಳಿನ ಒಳಗೆ, ಲೋಹವು ಗೋಡೆ ದಾಟುವ ಮುನ್ನ. ನಾರು ರಕ್ತಕ್ಕೆ ಇಳಿಯುವುದೇ ಇಲ್ಲ. ಮೂಳೆಯಲ್ಲಿ ಕೂತ ಸೀಸವನ್ನಾಗಲಿ, ಮೂತ್ರಪಿಂಡದಲ್ಲಿ ತಂಗಿ, ಅರ್ಧಕ್ಕಿಳಿಯಲು 10ರಿಂದ 30 ವರ್ಷ ತೆಗೆದುಕೊಳ್ಳುವ ಕ್ಯಾಡ್ಮಿಯಮ್ಮನ್ನಾಗಲಿ ಅದು ಹೋಗಿ ತರಲಾರದು.

‘ಭಾರಲೋಹ’ ಎಂಬ ಪದವೂ ಅಷ್ಟೇ ಸಡಿಲ. ಸಾಂದ್ರತೆಯನ್ನೇ ಅಳೆದರೆ ನಮಗೆ ಬೇಕಾದ ಕಬ್ಬಿಣವೂ ಸತುವೂ ಭಾರಲೋಹಗಳೇ. ಹಿಡಿಯುವ ವಸ್ತುವು ಹಿತವಾದದ್ದನ್ನೂ ಹಿಡಿದೀತು ಎಂಬ ಆತಂಕ ಹುಟ್ಟುವುದು ಇಲ್ಲಿ, ಮತ್ತು ಈ ಆರೋಪದಲ್ಲಿ ನಾರಿಗೆ ಅನ್ಯಾಯವಾಗಿದೆ. ಹೂವಿನ ಸಂಗಡ ನಾರೂ ಸ್ವರ್ಗಕ್ಕೆ ಹೋಯಿತೆನ್ನುತ್ತೇವಲ್ಲ, ಇಲ್ಲಿ ಕಾಳುಗಳಲ್ಲಿರುವ ಫೈಟಿಕ್ ಆಮ್ಲದ ಸಂಗಡ ನಾರು ಕಟಕಟೆ ಹತ್ತಿದೆ. ಧಾನ್ಯದ ತೌಡಿನಲ್ಲಿ ಎರಡೂ ಒಟ್ಟಿಗಿರುತ್ತವೆ, ಆದರೆ ಸತು ಮತ್ತು ಕಬ್ಬಿಣವನ್ನು ಬಿಡಿಸಲಾಗದಂತೆ ಕಟ್ಟಿಹಾಕುವುದು ಮುಖ್ಯವಾಗಿ ಆರು ಫಾಸ್ಫೇಟ್ ಗುಂಪುಗಳ ಫೈಟಿಕ್ ಆಮ್ಲ. ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್ ಅವರು ಇರಾನಿನ ಶೀರಾಜ್‌ನಲ್ಲಿ, ಹುದುಗು ಬರಿಸದ ಇಡೀ ಗೋಧಿಯ ರೊಟ್ಟಿಯನ್ನೇ ನೆಚ್ಚಿಕೊಂಡಿದ್ದ ಕುಬ್ಜ ಯುವಕರಲ್ಲಿ ಸತುವಿನ ಕೊರತೆಯನ್ನು 1961ರಲ್ಲಿ ಶಂಕಿಸಿದ ಕಥೆಯ ಹಿನ್ನೆಲೆಯಲ್ಲಿ ಇರುವುದೂ ಇದೇ ಆಮ್ಲ. ಕಾಳು ನೆನೆದು, ಮೊಳೆತು, ಹಿಟ್ಟು ಹುಳಿ ಬರುವಾಗ ಫೈಟೇಸ್ ಕಿಣ್ವ ಅದನ್ನು ಮುರಿಯುತ್ತದೆ; ರಾತ್ರಿಯಿಡೀ ಉಬ್ಬಿದ ಉದ್ದಿನ ಹಿಟ್ಟಿನಲ್ಲಿ ನಾರು ಬಹುಮಟ್ಟಿಗೆ ಹಾಗೆಯೇ ಇರುತ್ತದೆ, ಫೈಟಿಕ್ ಆಮ್ಲ ಇಳಿದಿರುತ್ತದೆ. ಇನ್ಯುಲಿನ್‌ನಂಥ ಕೆಲವು ನಾರುಗಳಂತೂ ದೊಡ್ಡ ಕರುಳಿನಲ್ಲಿ ಹುದುಗಿ ಆಮ್ಲೀಯತೆ ಹೆಚ್ಚಿಸಿ, ಹದಿಹರೆಯದವರಲ್ಲಿ ಕ್ಯಾಲ್ಸಿಯಂ ಹೀರಿಕೆಯನ್ನು ಹೆಚ್ಚಿಸಿದ್ದೂ ಉಂಟು.

ಕ್ಯಾಡ್ಮಿಯಂ ವಿಷಯದಲ್ಲಿ ನಾರಿಗಿಂತ ದೇಹದಲ್ಲಿರುವ ಕಬ್ಬಿಣದ ದಾಸ್ತಾನಿನ ಪಾತ್ರವೇ ದೊಡ್ಡದು. ಕರುಳು ಕಬ್ಬಿಣವನ್ನು ಒಳತರುವ ಸಾಗಣೆ ಪ್ರೋಟೀನಿನ ಮೂಲಕವೇ ಕ್ಯಾಡ್ಮಿಯಂ ಕೂಡ ನುಸುಳುತ್ತದೆ, ರಕ್ತಹೀನತೆಯಿದ್ದಾಗ ಆ ಬಾಗಿಲು ಇನ್ನಷ್ಟು ಅಗಲವಾಗುತ್ತದೆ. ಸ್ವೀಡನ್ನಿನ ಮಹಿಳೆಯರ ಬಗ್ಗೆ 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೆಚ್ಚು ನಾರು ತಿಂದವರ ಊಟದಲ್ಲಿ ಕ್ಯಾಡ್ಮಿಯಮ್ಮೂ ಹೆಚ್ಚಿತ್ತು, ಏಕೆಂದರೆ ಅದು ಬರುವುದೂ ಧಾನ್ಯದಿಂದಲೇ. ಆದರೂ ರಕ್ತದ ಮಟ್ಟ ಅದಕ್ಕೆ ತಕ್ಕಂತೆ ಏರಿರಲಿಲ್ಲ. ಕಬ್ಬಿಣದ ದಾಸ್ತಾನು ಬರಿದಾದವರು ಮಾತ್ರ ಹೆಚ್ಚು ಹೀರಿಕೊಂಡಿದ್ದರು.

ಆರ್ಸೆನಿಕ್‌ನ ಬಗ್ಗೆಯೂ ‘ನಾರು ತೆಗೆಯುತ್ತದೆ’ ಎನ್ನುವವರಿದ್ದಾರೆ. ನೀರಿನಲ್ಲಿ ಅದು ಧನಾತ್ಮಕ ಅಯಾನಾಗಿ ಇರುವುದಿಲ್ಲವಾದ್ದರಿಂದ ಕಾರ್ಬಾಕ್ಸಿಲ್ ಗುಂಪುಗಳಿಗೆ ಹಿಡಿಯಲು ಏನೂ ಸಿಗದು. ಸಾಲದ್ದಕ್ಕೆ ಅಕ್ಕಿಯ ನಾರಿರುವ ತೌಡಿನಲ್ಲೇ ಅದು ಹೆಚ್ಚು. ಕುಚ್ಚಲಕ್ಕಿಯನ್ನು ಧಾರಾಳ ನೀರಿನಲ್ಲಿ ಬೇಯಿಸಿ ತಿಳಿ ಬಸಿಯುವ ನಮ್ಮ ಪದ್ಧತಿ, ನೀರು ಶುದ್ಧವಾಗಿದ್ದರೆ, ಆರ್ಸೆನಿಕ್‌ನ ಒಂದು ಪಾಲನ್ನು ಇಳಿಸುತ್ತದೆ. ತಿಳಿಯೊಂದಿಗೆ ಸ್ವಲ್ಪ ಖನಿಜವೂ ಬಿ ಜೀವಸತ್ವವೂ ಹೋಗುತ್ತವೆ.