ರೆಕಾರ್ಡಿಂಗ್‌ಗೂ ಮಿಕ್ಸಿಂಗ್‌ಗೂ ಒಂದೇ ಹೆಡ್‌ಫೋನ್ ಸಾಕೇನ್ರಿ?

ಗದಗಿನ ಓದುಗರೊಬ್ಬರ ಪ್ರಶ್ನೆ ಇದು. ಮನೆಯಲ್ಲೇ ವಚನ, ತತ್ವಪದ ಹಾಡಿ ರೆಕಾರ್ಡ್ ಮಾಡುತ್ತಾರಂತೆ. ಮಿಕ್ಸಿಂಗ್ ಅಂದರೆ ರೆಕಾರ್ಡ್ ಆದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವುದು.

ಸಾಕು. ಆದರೆ ಅದು ಹಿಂಬದಿ ಮುಚ್ಚಿದ್ದಿರಲಿ. ಅಂಗಡಿಯಲ್ಲಿ ‘ಕ್ಲೋಸ್ಡ್ ಬ್ಯಾಕ್’ ಅಂತ ಕೇಳಿ.

ಹಾಡುವಾಗ ನಿಮ್ಮ ಕಿವಿಯಲ್ಲಿ ತಂಬೂರಿ, ತಾಳದ ಟಿಕ್ ಟಿಕ್ ಓಡುತ್ತಿರುತ್ತದೆ. ಹಿಂಬದಿ ತೆರೆದ ‘ಓಪನ್ ಬ್ಯಾಕ್’ ಆದರೆ ಆ ಸದ್ದು ಸೋರಿ ಮೈಕ್‌ಗೆ ಹೋಗುತ್ತದೆ. ಜೋರಾಗಿ ಹಾಡುವಾಗ ಗೊತ್ತಾಗುವುದಿಲ್ಲ. ಒಂದು ಸಾಲು ಮುಗಿಸಿ ಉಸಿರು ತಗೊಳ್ಳುತ್ತೀರಲ್ಲ, ಅಲ್ಲಿ ಸಿಕ್ಕಿಬೀಳುತ್ತದೆ. ನಾನೂ ಒಮ್ಮೆ ಹೀಗೆ ಮಾಡಿಕೊಂಡು ಇಡೀ ಹಾಡನ್ನು ಮತ್ತೆ ಹಾಡಿಸಿದ್ದೇನೆ. ಮಿಕ್ಸಿಂಗ್ ತಪ್ಪಿದರೆ ನಾಳೆ ತಿದ್ದಬಹುದು, ದನಿಯ ಜೊತೆ ಸೇರಿಹೋದ ಟಿಕ್ ಟಿಕ್ ತೆಗೆಯುವುದು ಬಲು ಕಷ್ಟ.

ನಮ್ಮ ಕಡೆ ಹಾಡುವವರು ಶ್ರುತಿ ನೋಡಿಕೊಳ್ಳಲು ಒಂದು ಕಿವಿ ಬಿಚ್ಚಿಡುತ್ತಾರೆ, ಅಲ್ವಾ? ತಪ್ಪಿಲ್ಲ. ಸರಿಸಿದ ಬಟ್ಟಲನ್ನು ಕಿವಿಯ ಹಿಂದೆ ತಲೆಗೆ ಒತ್ತಿ ಇಡಿ, ಇಲ್ಲವೇ ಆ ಕಡೆಯ ಸದ್ದನ್ನೇ ನಿಲ್ಲಿಸಿ. ಕನ್ನಡಕ ಹಾಕುವವರಿಗೆ ಅದರ ಕಡ್ಡಿಯ ಸಂದಿನಿಂದಲೂ ಸೋರುತ್ತದೆ, ಬೇಸ್ ಕೂಡ ಕಡಿಮೆ ಕೇಳಿಸುತ್ತದೆ. ಇನ್ನು ಏಪ್ರಿಲ್ ಬಿಸಿಲಲ್ಲಿ ಫ್ಯಾನ್ ಆರಿಸಿ ಹಾಡಬೇಕು! ಬೆವರಿಗೆ ಕುಶನ್ ಬೇಗ ಹಾಳಾಗುತ್ತದೆ. ಕುಶನ್ ಬದಲಿಸಲು ಬರುವಂಥದ್ದನ್ನೇ ತಗೊಳ್ಳಿ.

ಡಬ್ಬಿಯ ಮೇಲೆ ಓಮ್ ಎಷ್ಟು ನೋಡಿ. ಅದು ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ಬೆಯರ್‌ಡೈನಾಮಿಕ್ ಕಂಪನಿಯ ‘ಡಿಟಿ 770 ಪ್ರೊ’ ಹೆಡ್‌ಫೋನ್ 32, 80, 250 ಓಮ್‌ಗಳಲ್ಲಿ ಬಂದಿದೆ. 250ರದ್ದನ್ನು ಮೊಬೈಲಿಗೆ ಸಿಕ್ಕಿಸಿದರೆ ಸದ್ದು ಸಣ್ಣಗೆ ಬರುತ್ತದೆ. ಮನೆ ರೆಕಾರ್ಡಿಂಗ್‌ಗೆ 32ರಿಂದ 80ರೊಳಗಿನದು ಸಾಕು. ಸೋನಿ ಎಂಡಿಆರ್ 7506 ಇರುವುದು 63 ಓಮ್. ಬ್ಲೂಟೂತ್ ಮಾತ್ರ ಬೇಡ. ಸದ್ದು ತಡವಾಗಿ ಬಂದು ತಾಳ ತಪ್ಪಿಸುತ್ತದೆ.

ಮಿಕ್ಸಿಂಗ್‌ಗೆ ಓಪನ್ ಬ್ಯಾಕ್ ಮೇಲು, ನಿಜ. ಸದ್ದು ಬಿಡಿಬಿಡಿಯಾಗಿ ಕೇಳುತ್ತದೆ. ಆದರೂ ಯಾವ ಹೆಡ್‌ಫೋನ್‌ನಲ್ಲೂ ಎಡಗಡೆಯ ಸದ್ದು ಬಲಗಿವಿಗೆ ಹೋಗುವುದಿಲ್ಲ. ತಬಲಾ ಎಡಕ್ಕೆ, ಹಾರ್ಮೋನಿಯಂ ಬಲಕ್ಕೆ ಹಾಕಿದ್ದು ಕಿವಿಯಲ್ಲಿ ಚೆಂದ, ಸ್ಪೀಕರಿನಲ್ಲಿ ಎರಡೂ ಸದ್ದು ಎರಡೂ ಕಿವಿಗೆ ಬೀಳುವುದರಿಂದ ಬೇರೆಯೇ. ಹಾಗಾಗಿ ಮಿಕ್ಸ್ ಮುಗಿದ ಮೇಲೆ ಮೊಬೈಲ್ ಸ್ಪೀಕರ್, ಕಾರು, ಯಾರದೋ ಮನೆಯ ಹಳೇ ಡೆಕ್, ಎಲ್ಲದರಲ್ಲೂ ಕೇಳಿ ತಿದ್ದಿ.

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಗೆ ಕೊಳ್ಳಲು ಹೋಗುವಾಗ ಗೆಳೆಯನೊಬ್ಬ ಜೊತೆಗಿರಲಿ. ಹೆಡ್‌ಫೋನ್ ಅವನ ತಲೆಗೆ ಹಾಕಿ, ತಾಳ ಹಚ್ಚಿ, ಒಂದು ಗೇಣು ದೂರದಲ್ಲಿ ಕಿವಿ ಇಡಿ. ಮೈಕ್ ಇರುವುದೂ ಸುಮಾರು ಅಷ್ಟೇ ದೂರದಲ್ಲಿ. ಟಿಕ್ ಟಿಕ್ ಚೆನ್ನಾಗಿ ಕೇಳಿಸಿದರೆ, ಬೇರೆ ತೋರಿಸ್ರಿ ಅನ್ನಿ.